ಟ್ರಂಕ್‌ನ್ಯಾಗ ಸಿಕ್ಕ ಸ್ಪೆಕ್ಟ್ರಮ್, ಅಣ್ಣನ ಕ್ಯಾಸೆಟ್, ಮೊಬೈಲ್‌ನ್ಯಾಗ ಚಂದ ಕಾಣದ ಹಳೇ ಆಟ: ನೆನಪು ಸುಳ್ಳು ಹೇಳಾಕತ್ತೈತೇನ್ರಿ?

ಬಾಗಲಕೋಟೆ ನವನಗರದಿಂದ ಓದುಗರೊಬ್ರು ಬರದಾರ. ಪತ್ರ ಉದ್ದ ಐತಿ, ಮುಖ್ಯ ಭಾಗ ಅವರ ಮಾತಿನ್ಯಾಗನ ಕೊಡ್ತೀನಿ:

"ಸರ್, ನಂಗೀಗ 47. ಹಳೇ ಬಾಗಲಕೋಟ್ಯಾಗ ನಮ್ಮ ಮನಿ ಇತ್ತು, ಆ ಓಣಿ ಈಗ ಆಲಮಟ್ಟಿ ಹಿನ್ನೀರಿನ್ಯಾಗ ಐತಿ. 1988ರಾಗ ನಮ್ಮ ಕಾಕಾ ಪುಣೆಯಿಂದ ಡಿಬಿ ಸ್ಪೆಕ್ಟ್ರಮ್ ಪ್ಲಸ್ ಅನ್ನೋ ಕಂಪ್ಯೂಟರ್ ತಂದಿದ್ರು, ಟಿವಿಗೆ ಹಚ್ಚಿ ಆಡೋದು, ಕ್ಯಾಸೆಟ್‌ನಿಂದ ಆಟ ಲೋಡ್ ಮಾಡೋದು. ಹೋದ ತಿಂಗಳ ಅಟ್ಟ ಸ್ವಚ್ಛ ಮಾಡುವಾಗ ಟ್ರಂಕ್‌ನ್ಯಾಗ ಸಿಕ್ತು, ಅಡಾಪ್ಟರ್ ಇಲ್ಲ, 11 ಕ್ಯಾಸೆಟ್ ಅದಾವ. ಖುಷಿಗೆ ಮೊಬೈಲ್‌ನ್ಯಾಗ ಎಮ್ಯುಲೇಟರ್ (ಹಳೇ ಕಂಪ್ಯೂಟರಿನಂಗ ನಡಿಯೋ ಪ್ರೋಗ್ರಾಮ್) ಹಾಕ್ಕೊಂಡು ಮ್ಯಾನಿಕ್ ಮೈನರ್ ಅನ್ನೋ ಆಟ ಹಚ್ಚಿದೆ, ಏನ್ ಹೇಳ್ಲಿ ಸರ್, ಬರೇ ಚೌಕ ಚೌಕ, ಬಣ್ಣ ಕಣ್ಣಿಗೆ ಚುಚ್ಚತಾವ, ಜರ್ಕ್ ಹೊಡೀತೈತಿ, ಎರಡನೇ ಕೋಣಿನೂ ದಾಟಾಕ ಆಗ್ಲಿಲ್ಲ. ಮಗ 15 ವರ್ಷದಾಂವ, ನಕ್ಕ, ಪಪ್ಪಾ ಇದರಾಗ ಏನೈತಿ ಅಂದ. ಅವಾಗನೂ ಹಿಂಗ ಇತ್ತೇನು, ನಾವ ಸಣ್ಣಾವ್ರಿದ್ವಿ ಅಂತ ಚಂದ ಕಂಡಿತ್ತೇನು? ಮನ್ಯಾಗ ರೌಟರ್‌ದು 9 ವೋಲ್ಟ್ ಅಡಾಪ್ಟರ್ ಐತಿ, ಪಿನ್ನು ಕೂಡ್ತೈತಿ, ಹಚ್ಚಿ ನೋಡ್ಲೇನು? ಡಬ್ಬಾ ಟಿವಿ ತಗೊಳ್ಳೇನು? ಒಂದು ಕ್ಯಾಸೆಟ್ ಮ್ಯಾಲ ನಮ್ಮ ಅಣ್ಣ ತಾನ ಬರದ ಲಾರಿ ಆಟ ಐತಿ. ಅಣ್ಣ ತೀರಿ ನಾಕ ವರ್ಷ ಆತು. ಅವನ ಗ್ರಾಫ್ ವಹಿನೂ ಟ್ರಂಕ್‌ನ್ಯಾಗ ಇತ್ತು, ಒಂದು ಹಾಳಿ ಮ್ಯಾಲ 'ಲಾರಿ' ಅಂತ ಬರದು ಕೆಳಗ 0, 240, 252, 250, 255, 255, 102, 0 ಅಂತ ಬರದಾನ, ಅದು ಏನಂತ ತಿಳೀಲಿಲ್ಲ."

ಉತ್ತರ:

ಮೊದಲ ಆ ರೌಟರ್ ಅಡಾಪ್ಟರ್ ತಗದು ದೂರ ಇಡ್ರಿ, ಉಳಿದದ್ದು ಆಮ್ಯಾಲ ಓದ್ರಿ. 9 ವೋಲ್ಟ್ ಅನ್ನೋದು ಖರೆ, ಪಿನ್ನು ಕೂಡೋದೂ ಖರೆ, ಆದ್ರ ಈಗಿನ ಅಡಾಪ್ಟರ್‌ಗಳಾಗ ಬಹುತೇಕ ನಡುವಿನ ತೂತು ಪ್ಲಸ್ ಇರತೈತಿ, ಸ್ಪೆಕ್ಟ್ರಮ್‌ಗೆ ನಡುವ ಮೈನಸ್ ಬೇಕು. ಉಲ್ಟಾ. ವಿಜಯಪುರದಿಂದ ಒಬ್ರು ಹಿಂಗ ಹಚ್ಚಿದ ಮಷೀನ್ ನಮ್ಮ ಅಂಗಡಿಗೆ ತಂದಿದ್ರು, ಒಂದು ಸೆಕೆಂಡ್ ಅಷ್ಟ ಹಚ್ಚಿದ್ದು, ರೆಗ್ಯುಲೇಟರ್ ಹೋಗಿತ್ತು, ವೋಲ್ಟೇಜ್ ತಯಾರ ಮಾಡೋ ಟ್ರಾನ್ಸಿಸ್ಟರ್ ಹೋಗಿತ್ತು, ಅದರ ಹಿಂದ ಮೆಮರಿ ಚಿಪ್ಪೂ ಹೋಗಿದ್ವು. ನಿಮ್ಮದು ಇನ್ನೂ ಹಂಗ ಆಗಿಲ್ಲ, ಆಗೋದೂ ಬ್ಯಾಡ.

ಈಗ ನಿಮ್ಮ ಚಿಂತಿಗೆ ಬರೋಣು. ಪ್ರಶ್ನೆ ನಾಕ ಕೇಳೀರಿ, ಆದ್ರ ಕೆಳಗ ಇರೋ ಪ್ರಶ್ನೆ ಒಂದ, ಅಷ್ಟು ಚಂದ ಇತ್ತು ಅಂತ ಇಷ್ಟು ವರ್ಷ ನೆನಪು ಇಟ್ಕೊಂಡು ಬಂದದ್ದು ಖರೇನೋ ಸುಳ್ಳೋ ಅಂತ. ನಾನು ಬೆಳಗಾವ್ಯಾಗ ಟಿವಿ, ಕಂಪ್ಯೂಟರ್ ರಿಪೇರಿ ಮಾಡ್ಕೋತ 30 ವರ್ಷದ ಮ್ಯಾಲ ಆತು, ಪಿಕ್ಚರ್ ಟ್ಯೂಬಿನ ಮುಂದ ಕುಂತ ಮನಷ್ಯಾ, ನನ್ನ ಉತ್ತರ ನೇರ ಐತಿ: ನೆನಪು ಸುಳ್ಳು ಹೇಳಿಲ್ಲ. ನೀವು ಅವಾಗ ನೋಡಿದ ಚಿತ್ರ ಬ್ಯಾರೆ, ಈಗ ಮೊಬೈಲ್‌ನ್ಯಾಗ ನೋಡಿದ ಚಿತ್ರ ಬ್ಯಾರೆ. ಆಟ ಅದ, ಒಳಗಿನ ಲೆಕ್ಕ ಅದ, ಗಾಜು ಬದಲಾಗೈತಿ ನೋಡ್ರಿ.

ಸ್ಪೆಕ್ಟ್ರಮ್ 1982ರಾಗ ಇಂಗ್ಲೆಂಡಿನ್ಯಾಗ ಸಿಂಕ್ಲೇರ್ ಕಂಪನಿ ತಗದದ್ದು, ನಮ್ಮಲ್ಲಿ ಪುಣೆಯ ಡೆಸಿಬೆಲ್ಸ್ ಕಂಪನಿ ಲೈಸೆನ್ಸ್ ತಗೊಂಡು ಡಿಬಿ ಹೆಸರಿನ್ಯಾಗ ಮಾರಿದ್ದು, ನಿಮ್ಮ ಕಾಕಾ ತಂದದ್ದು ಅದ. ಪರದೆ ಅಡ್ಡ 256 ಚುಕ್ಕಿ, ಉದ್ದ 192 ಚುಕ್ಕಿ, ಬಣ್ಣ ಒಟ್ಟು 15. ಇಡೀ ಚಿತ್ರಕ್ಕ 6912 ಬೈಟ್ ಅಷ್ಟ, ನಿಮ್ಮ ವಾಟ್ಸಾಪ್‌ಗೆ ಮುಂಜಾನೆ ಬರೋ ಒಂದು ಶುಭೋದಯ ಫೋಟೋ ಇದರ ಎಷ್ಟೋ ಪಟ್ಟು ದೊಡ್ಡದು. ಅದರಾಗನೂ ಒಂದು ಕಟ್ಟಳೆ, 8 ಚುಕ್ಕಿ ಅಗಲ 8 ಚುಕ್ಕಿ ಎತ್ತರದ ಒಂದೊಂದು ಮನ್ಯಾಗ ಎರಡ ಬಣ್ಣ, ಮೂರನೇದು ಹಾಕಾಕ ಬರಂಗಿಲ್ಲ. ಹಿಂಗಾಗಿ ಬಿಳಿ ಮನಷ್ಯಾ ಹಸಿರು ಗಿಡದ ಮುಂದ ಹೋದ ಅಂದ್ರ ಅವನ ಅರ್ಧ ಮೈ ಹಸಿರು ಆಗತಿತ್ತು, ನಿಮ್ಮ ಮಗ ಅದನ್ನ ನೋಡಿ ನಕ್ಕಿದ್ರ ಅಂವ ನೋಡಿದ್ದು ಖರೇನ ಐತಿ, ಅದು ಅವಾಗನೂ ಇತ್ತು, ನಾವೂ ನೋಡೀವಿ.

ಇದನ್ನ ತಿಳ್ಕೊಳಾಕ ದೂರ ಹೋಗೋದು ಬ್ಯಾಡ, ನಿಮ್ಮ ಮನ್ಯಾಗ ಅಜ್ಜಿದೋ ಅವ್ವಂದೋ ಕಸೂತಿ ಹಾಕಿದ ಇಳಕಲ್ ಸೀರಿ ಇದ್ರ ತಗೀರಿ. ಕಸೂತಿ ಹಾಕೋರು ಬಟ್ಟಿ ಎಳಿ ಎಣಿಸಿ ಹಾಕ್ತಾರ, ಗವಂತಿ, ಮುರ್ಗಿ ಅಂತ, ಗೋಪುರ ಇರ್ಲಿ ತೇರು ಇರ್ಲಿ ಆನಿ ಇರ್ಲಿ ಎಲ್ಲಾ ಮೆಟ್ಟಲ ಮೆಟ್ಟಲ, ದುಂಡಗ ಗೆರಿ ಇಲ್ಲ. ಆದ್ರೂ ಆನಿ ಆನೀನ ಕಾಣತೈತಿ, ಯಾಕಂದ್ರ ಹಾಕಿದಾಕಿಗೆ ಆ ಬಟ್ಟಿ ಗೊತ್ತು, ಎಷ್ಟು ದೂರದಿಂದ ನೋಡ್ತಾರ ಅನ್ನೋದೂ ಗೊತ್ತು. ಅದ ಕಸೂತೀನ ಮೊಬೈಲ್‌ನ್ಯಾಗ ಫೋಟೋ ತಗದು ದೊಡ್ಡದು ಮಾಡ್ಕೋತ ಹೋಗ್ರಿ, ಆನಿ ಹೋಗಿ ಬರೇ ದಾರ ಉಳೀತಾವ. ಎಮ್ಯುಲೇಟರ್‌ನ್ಯಾಗ ನಿಮಗ ಆದದ್ದು ಅದ. ಆಟದ ಚಿತ್ರ ತಗದವರಿಗೆ ಅವರ ಬಟ್ಟಿ ಯಾವುದು ಅಂತ ಗೊತ್ತಿತ್ತು, ಆ ಬಟ್ಟಿ ಅಂದ್ರ ಪಿಕ್ಚರ್ ಟ್ಯೂಬಿನ ಟಿವಿ.

ಪಿಕ್ಚರ್ ಟ್ಯೂಬಿನ್ಯಾಗ ಚೌಕ ಅನ್ನೋದ ಇಲ್ಲ. ಹಿಂದಿನಿಂದ ಎಲೆಕ್ಟ್ರಾನ್ ಕಿರಣ ಬಂದು ಗಾಜಿನ ಒಳಗಿನ ಫಾಸ್ಫರ್ ಅನ್ನೋ ಹೊಳಿಯೋ ಲೇಪಕ್ಕ ಬಡೀತೈತಿ, ಅಲ್ಲಿ ಬೆಳಕು ಹುಟ್ಟತೈತಿ, ಆ ಬೆಳಕು ನಡುವ ಜಾಸ್ತಿ, ಅಂಚಿಗೆ ಹೋದಂಗ ಕಡಿಮಿ, ದೀಪದ ಸುತ್ತ ಇರತೈತಲ್ಲ ಹಂಗ. ಸಾಲು ಸಾಲಿನ ನಡುವ ಸಣ್ಣ ಕತ್ತಲ ಗೆರಿ. ಇದರ ಮ್ಯಾಲ ಸ್ಪೆಕ್ಟ್ರಮ್ ಚಿತ್ರ ಟಿವಿಗೆ ಹೋಗತಿದ್ದದ್ದು ಆಂಟೆನಾ ತೂತಿನಿಂದ, ಯುಎಚ್‌ಎಫ್ 36ನೇ ಚಾನಲ್‌ನ ಆಸುಪಾಸು ಟ್ಯೂನ್ ಮಾಡಬೇಕಿತ್ತು, ನೀವು ಆ ಸಣ್ಣ ಚಕ್ರ ತಿರುವಿದ್ದು ನೆನಪಿರಬೇಕು. ಆ ದಾರಿಯಾಗ ಬೆಳಕಿನ ವಿವರ ಬಂದಷ್ಟು ಬಣ್ಣದ ವಿವರ ಬರಂಗಿಲ್ಲ, ನಮ್ಮ ಬಣ್ಣದ ಟಿವಿಯ ಪಾಲ್ ಅನ್ನೋ ಸಿಗ್ನಲ್ ಪದ್ಧತಿನ ಹಂಗೈತಿ, ಹಿಂಗಾಗಿ ಬಣ್ಣ ಸ್ವಲ್ಪ ಆ ಕಡೆ ಈ ಕಡೆ ಹರೀತಿತ್ತು. ಒಂದು ಕೆಂಪು ಚುಕ್ಕಿ ಒಂದು ಹಳದಿ ಚುಕ್ಕಿ ಹಂಗ ಹಾಕ್ಕೋತ ಹೋದ್ರ ಟಿವಿ ಮ್ಯಾಲ ಕಿತ್ತಳಿ ಬಣ್ಣ ಕಾಣತಿತ್ತು, ಕಿತ್ತಳಿ ಅನ್ನೋದು ಆ 15 ಬಣ್ಣದಾಗ ಇರ್ಲೇ ಇಲ್ಲ! ನೀವು ಕಂಡ ಅರ್ಧ ಬಣ್ಣ ಕಂಪ್ಯೂಟರ್ ಕೊಟ್ಟದ್ದಲ್ಲ, ಟಿವಿ ಬೆರೆಸಿ ಕೊಟ್ಟದ್ದು. ಅಂದ ಮ್ಯಾಲ ಮೊಬೈಲ್‌ನ್ಯಾಗ ಅದು ಬಂದೀತು ಹೆಂಗ?

ಜರ್ಕ್ ಹೊಡೀತೈತಿ ಅಂದ್ರಿ, ಅದೂ ಭ್ರಮಾ ಅಲ್ಲ. ಸ್ಪೆಕ್ಟ್ರಮ್ ಸೆಕೆಂಡಿಗೆ 50 ಚಿತ್ರ ಕೊಡ್ತಿತ್ತು, ನಮ್ಮ ಟಿವಿನೂ 50. ನಿಮ್ಮ ಮೊಬೈಲ್ ಪರದೆ 60 ಇರಬೇಕು. 50ನ್ನ 60ರಾಗ ಕೂಡಸಬೇಕಂದ್ರ ಪ್ರತಿ ಐದು ಚಿತ್ರಕ್ಕ ಒಂದನ್ನ ಎರಡು ಸಲ ತೋರಸಬೇಕಾಗತೈತಿ, ನಡದವಾ ಗಳಿಗ್ಗೊಮ್ಮಿ ಎಡವಿದಂಗ ಕಾಣತೈತಿ. ಇನ್ನೊಂದು, 192 ಸಾಲನ್ನ 1080 ಸಾಲಿನ ಪರದೆಗೆ ಹಿಗ್ಗಿಸಿದ್ರ ಸರಿ ಭಾಗ ಆಗಂಗಿಲ್ಲ, ಒಂದು ಚುಕ್ಕಿ 5 ಸಾಲು ಆದ್ರ ಅದರ ಬಾಜೂದ್ದು 6 ಸಾಲು ಆಗತೈತಿ, ಚಿತ್ರ ಸೊಟ್ಟ ಸೊಟ್ಟ ಕಾಣೋದು ಅದಕ್ಕ. ಸರಿಯಾಗಿ 5 ಪಟ್ಟು ಮಾಡಿ 960 ಸಾಲು ಇಟ್ಟು ಮ್ಯಾಲ ಕೆಳಗ 60-60 ಸಾಲು ಕಪ್ಪು ಬಿಟ್ರ ಅರ್ಧ ಕಿರಿಕಿರಿ ಹೋಗತೈತಿ, ಸೆಟಿಂಗ್‌ನ್ಯಾಗ ಇಂಟೀಜರ್ ಸ್ಕೇಲ್ ಅಂತ ಇರತೈತಿ, ಹಚ್ಚಿ ನೋಡ್ರಿ.

ಎರಡನೇ ಕೋಣಿ ದಾಟಾಕ ಆಗ್ಲಿಲ್ಲ ಅಂತ ಬ್ಯಾಸರ ಮಾಡ್ಕೊಂಡೀರಿ, ಅದು ನಿಮ್ಮ ಕೈ ತಪ್ಪಲ್ಲ. ನಿಮ್ಮ ಬೆರಳು ಕಲತದ್ದು ಕೀಬೋರ್ಡ್ ಮ್ಯಾಲ, ಅಲ್ಲಿ ಕೀಲಿ ಒಳಗ ಹೋಗಿದ್ದು ಬೆರಳಿಗೆ ತಿಳೀತಿತ್ತು, ಗಾಜಿನ ಮ್ಯಾಲ ಏನೂ ತಿಳಿಯಂಗಿಲ್ಲ. ಮ್ಯಾನಿಕ್ ಮೈನರ್ 1983ರ ಆಟ, ಬರದಾಂವ ಮ್ಯಾಥ್ಯೂ ಸ್ಮಿತ್, ಅವಾಗ ಅವಂಗ ಇನ್ನೂ 20 ತುಂಬಿರ್ಲಿಲ್ಲ, 20 ಕೋಣಿ, ಶುರುವಿಗೆ ಮೂರು ಜೀವ, ಸೇವ್ ಅನ್ನೋದಿಲ್ಲ, ಸತ್ರ ಮತ್ತ ಮೊದಲಿಂದ. ಆದ್ರ ಅದರಾಗಿನ ವೈರಿಗಳು ಯಾವಾಗಲೂ ಅದ ದಾರಿ ಅದ ಲೆಕ್ಕ ಹಿಡದು ತಿರಗತಾವ, ಎರಡನೇ ಕೋಣ್ಯಾಗಿನ ಪೆಂಗ್ವಿನ್ ಇವತ್ತೂ ಅದ ಜಾಗಕ್ಕ ಬಂದು ಹೊಳ್ಳತಾವ. ಅಂದ್ರ ಅದು ಮಗ್ಗಿ ಬಾಯಿಪಾಠ ಮಾಡಿದಂಗ ಕಲಿಯೋ ಆಟ. 300 ಸಲ ಆಡಿ ಕಲಿತದ್ದನ್ನ 35 ವರ್ಷ ಆದ ಮ್ಯಾಲ ಗಾಜಿನ ಮ್ಯಾಲ ಒಮ್ಮಿ ಆಡಿ ಬರಂಗಿಲ್ಲ ಅಂದ್ರ ಹೆಂಗ್ರಿ? ವೈರ್ ಇರೋ ಕೀಬೋರ್ಡ್ ಕಂಪ್ಯೂಟರ್‌ಗೆ ಹಚ್ಚಿ ಎರಡು ದಿನ ಆಡ್ರಿ, ಬೆರಳಿಗೆ ತಾನ ನೆನಪು ಬರತೈತಿ, ನಾನು ಕಣ್ಣಾರೆ ನೋಡೀನಿ.

ಹಂಗಂತ ನೆನಪಿನ ಪಾಲು ಏನೂ ಇಲ್ಲ ಅಂತ ನಾ ಹೇಳಾಂವಲ್ಲ, ಹೇಳಿದ್ರ ಅದು ತಪ್ಪಾಗತೈತಿ. ಹತ್ತು ವರ್ಷದಿಂದ ಮೂವತ್ತರ ಒಳಗಿನ ನೆನಪು ಮನಷ್ಯಾಗ ಎಲ್ಲಾಕಿಂತ ಗಟ್ಟಿ ಉಳೀತಾವ ಅನ್ನೋದು ಮನಶ್ಶಾಸ್ತ್ರದವರು ಒಪ್ಪಿದ ಮಾತು. ಮತ್ತ ಆ ಆಟ ಬರೇ ಆಟ ಆಗಿರ್ಲಿಲ್ಲ. ಜೆ ಕೀಲಿ ಒತ್ತಿದ್ರ ಲೋಡ್ ಅನ್ನೋ ಪೂರ್ತಿ ಶಬ್ದ ಬರತಿತ್ತು, ಮುಂದ ಎರಡು ಕೋಟ್ ಗುರುತು ಹಾಕಿ ಎಂಟರ್ ಹೊಡದು ಟೇಪ್‌ರೆಕಾರ್ಡರ್ ಚಾಲೂ ಮಾಡೋದು, ಅಂಚಿನ್ಯಾಗ ಕೆಂಪು-ತಿಳಿನೀಲಿ ಪಟ್ಟಿ ಬರತಿದ್ವು, ಆಮ್ಯಾಲ ನೀಲಿ-ಹಳದಿ ಸಣ್ಣ ಪಟ್ಟಿ ಕುಣೀತಿದ್ವು, ಕೀಂ ಅಂತ ಸಪ್ಪಳ. ಮೊದಲ ಚಿತ್ರ ಬರೋದು, ಅದೂ ಮ್ಯಾಲಿಂದ ಕೆಳಗ ಸೀದಾ ಅಲ್ಲ, ಪರದೆ ಮೂರು ಭಾಗ ಆಗಿ, ಒಂದೊಂದು ಭಾಗದಾಗ ಏಳೇಳು ಸಾಲು ಬಿಟ್ಟು ಒಂದೊಂದು ಸಾಲು ತುಂಬ್ಕೋತ, ಎಲ್ಲಾ ಕಪ್ಪು-ಬಿಳಿ, ಸುಮಾರು 40 ಸೆಕೆಂಡ್ ಆದ ಮ್ಯಾಲ ಕಡೀಕ ಮ್ಯಾಲಿಂದ ಬಣ್ಣ ಇಳ್ಕೋತ ಬರತಿತ್ತು, ಸುಣ್ಣ ಹಚ್ಚಿದ ಗ್ವಾಡಿಗೆ ಬಣ್ಣ ಹೊಡದಂಗ. ಪೂರ್ತಿ ಆಟ ಬರಾಕ ಐದು ನಿಮಿಷ. ನಾಕ ನಿಮಿಷ ಆದ ಮ್ಯಾಲ ಕರೆಂಟ್ ಹೋತು ಅಂದ್ರ ಮತ್ತ ಮೊದಲಿಂದ. ಆ ಐದು ನಿಮಿಷ ನೀವು ಯಾರ ಬಾಜೂಕ ಕುಂತಿದ್ರಿ, ಏನ್ ಮಾತಾಡಿದ್ರಿ, ಅದು ಯಾವ ಎಮ್ಯುಲೇಟರ್‌ನ್ಯಾಗೂ ಬರಂಗಿಲ್ಲ. ಮೊಬೈಲ್‌ನ್ಯಾಗ ಒಂದು ಸೆಕೆಂಡಿಗೆ ಲೋಡ್ ಆಗತೈತಿ, ಅಷ್ಟ ಲಗೂನ ಬ್ಯಾಸರನೂ ಆಗತೈತಿ. ಟೇಪ್ ವೇಗದಾಗ ಲೋಡ್ ಆಗೋ ಸೆಟಿಂಗೂ ಐತಿ, ಒಮ್ಮಿ ಅದನ್ನ ಹಚ್ಚಿ ಪೂರ್ತಿ ಕಾಯ್ರಿ.

ಈಗ ನನಗ ಎಲ್ಲಾಕಿಂತ ಮುಖ್ಯ ಅನಸಿದ್ದಕ್ಕ ಬರ್ತೀನಿ, ನೀವು ಅದನ್ನ ಕಡೀಕ ಬರದೀರಿ. ಅಣ್ಣನ ಕ್ಯಾಸೆಟ್. ಮ್ಯಾನಿಕ್ ಮೈನರ್ ಎಲ್ಲೂ ಹೋಗಂಗಿಲ್ಲ, ಜಗತ್ತಿನ್ಯಾಗ ಅದರ ಸಾವಿರಾರು ಕಾಪಿ ಅದಾವ. ಕಂಪ್ಯೂಟರ್ ಕೆಟ್ರೂ ಇನ್ನೊಂದು ಸಿಗತೈತಿ. ಆ ಲಾರಿ ಆಟದ್ದು ಒಂದ ಕಾಪಿ, ಅದೂ ನಿಮ್ಮ ಟ್ರಂಕ್‌ನ್ಯಾಗ. ಅದಕ್ಕ ಉಳಿದದ್ದೆಲ್ಲಾ ಬದಿಗಿಟ್ಟು ಮೊದಲ ಅದನ್ನ ಉಳಿಸ್ರಿ.

ಕ್ಯಾಸೆಟ್ ತಗೊಂಡು ಕಿಡಕಿ ಬೆಳಕಿಗೆ ಹಿಡೀರಿ, ಟೇಪ್ ಸುತ್ತಿದ ಅಂಚಿನ ಮ್ಯಾಲ ಬಿಳಿ ಪುಡಿ, ಎಳಿ ಎಳಿ ಬೂಸ್ಟು ಕಂಡ್ರ ಅದನ್ನ ಯಾವ ಟೇಪ್‌ರೆಕಾರ್ಡರ್‌ಗೂ ಹಾಕಬ್ಯಾಡ್ರಿ, ಬೂಸ್ಟು ಹೆಡ್ಡಿಗೆ ಹತ್ತಿ ಉಳಿದ ಕ್ಯಾಸೆಟ್‌ಗೂ ಹರಡತೈತಿ, ಅಂಥದ್ದನ್ನ ತಿಳಿದವರ ಕಡೆ ಸ್ವಚ್ಛ ಮಾಡಸಬೇಕು. ಬೂಸ್ಟು ಇಲ್ಲಾಂದ್ರ ಕ್ಯಾಸೆಟ್ ಬಾಯಾಗ ನೋಡ್ರಿ, ಟೇಪಿನ ಹಿಂದ ಸಣ್ಣ ಸ್ಪಂಜಿನ ತುಂಡು ಇರತೈತಿ, ಟೇಪನ್ನ ಹೆಡ್ಡಿಗೆ ಒತ್ತಿ ಹಿಡಿಯೋದು ಅದ, ಹಳೇ ಕ್ಯಾಸೆಟ್‌ನ್ಯಾಗ ಅದು ಅಂಟು ಬಿಟ್ಟು ಬಿದ್ದಿರತೈತಿ. ಬಿದ್ದಿದ್ರ ಅದ ಥರದ ಇನ್ನೊಂದು ಕ್ಯಾಸೆಟ್‌ನಿಂದ ತಗದು ಹಾಕಬಹುದು. ಟೇಪ್‌ರೆಕಾರ್ಡರ್ ಹೆಡ್ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರಸ್ರಿ, ಮೊದಲ ಯಾವುದರ ಬ್ಯಾಡಾದ ಹಾಡಿನ ಕ್ಯಾಸೆಟ್ ಹಾಕಿ ಮಷೀನ್ ಟೇಪ್ ನುಂಗಂಗಿಲ್ಲ ಅಂತ ಖಾತ್ರಿ ಮಾಡ್ಕೋರಿ. ಆಮ್ಯಾಲ ಅಣ್ಣಂದು. ಮತ್ತ ಮತ್ತ ಹಚ್ಚಿ ಕೇಳಾಕ ಹೋಗಬ್ಯಾಡ್ರಿ, ಮೊದಲ ಸಲ ಹಚ್ಚಿದಾಗನ ರೆಕಾರ್ಡಿಂಗ್ ಚಾಲೂ ಇರಬೇಕು, ಯಾಕಂದ್ರ ಹಳೇ ಟೇಪು ಕೆಲವೊಮ್ಮಿ ಒಂದು ಸಲ ಛಲೋ ಓಡಿ ಎರಡನೇ ಸಲಕ್ಕ ಉದರತೈತಿ.

ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ವೈರ್ ಹಚ್ಚಿ 44,100 ಹರ್ಟ್ಸ್ ವೇವ್ ಫೈಲ್ ಮಾಡ್ಕೋರಿ. ಎಂಪಿ3 ಬ್ಯಾಡ, ನಾಯ್ಸ್ ತಗಿಯೋದು ಬ್ಯಾಡ, ಡಾಲ್ಬಿ ಅನ್ನೋ ನಾಯ್ಸ್ ಕಡಿಮಿ ಮಾಡೋ ಗುಂಡಿ ಇದ್ರ ಬಂದ್ ಮಾಡ್ರಿ. ಎಷ್ಟೋ ಮಂದಿ ಹಾಡು ಸ್ವಚ್ಛ ಮಾಡಿದಂಗ ಇದನ್ನೂ ಸ್ವಚ್ಛ ಮಾಡಾಕ ಹೋಗಿ ಕೆಡಸ್ತಾರ. ಆ ಕೀಂ ಸಪ್ಪಳದಾಗ ಸೊನ್ನಿ ಅಂದ್ರ ಸುಮಾರು 2000 ಹರ್ಟ್ಸಿನ ಒಂದು ಅಲೆ, ಒಂದು ಅಂದ್ರ ಸುಮಾರು 1000 ಹರ್ಟ್ಸಿನ ಒಂದು ಅಲೆ, ಅಷ್ಟ. ಅಲೆಯ ಉದ್ದ ಮುಖ್ಯ, ಇಂಪು ಮುಖ್ಯ ಅಲ್ಲ. ಸಪ್ಪಳ ಮಂಕ ಬಂದ್ರ ಹೆಡ್ಡಿನ ಬಾಜೂಕ ಸಣ್ಣ ಸ್ಕ್ರೂ ಇರತೈತಿ, ಅಜಿಮತ್ ಸ್ಕ್ರೂ ಅಂತಾರ, ಅದನ್ನ ಕೂದಲೆಳಿಯಷ್ಟು ತಿರುವಿ ಸಪ್ಪಳ ಚೂಪ್ ಆಗೋ ಜಾಗಕ್ಕ ನಿಂದರಸಬೇಕು, ಅದು ಅಣ್ಣ ಅವಾಗ ರೆಕಾರ್ಡ್ ಮಾಡಿದ ಮಷೀನಿನ ಹೆಡ್ಡು ಎಷ್ಟು ಓರೆ ಇತ್ತೋ ಅಷ್ಟ ಓರೆಗೆ ಹೊಂದಬೇಕು. ಈ ಸ್ಕ್ರೂ ಕೆಲಸಾನೂ ಮೊದಲ ಬ್ಯಾರೆ ಆಟದ ಕ್ಯಾಸೆಟ್ ಮ್ಯಾಲ ಮಾಡಿ ಕೈ ಕೂಡಿಸ್ಕೊಂಡು ಆಮ್ಯಾಲ ಅಣ್ಣಂದಕ್ಕ ಹೋಗ್ರಿ. ಸಿಕ್ಕ ವೇವ್ ಫೈಲನ್ನ ಎಮ್ಯುಲೇಟರ್ ಓದೋ ಟ್ಯಾಪ್ ಇಲ್ಲಾ ಟಿಝಡ್‌ಎಕ್ಸ್ ಫೈಲ್ ಮಾಡೋ ಪುಕ್ಕಟ ಪ್ರೋಗ್ರಾಮ್ ಅದಾವ, ಅಷ್ಟಾತು ಅಂದ್ರ ಲಾರಿ ಆಟ ನಿಮ್ಮ ಲ್ಯಾಪ್‌ಟಾಪ್‌ನ್ಯಾಗ ಓಡತೈತಿ. ವೇವ್ ಫೈಲ್ ಮಾತ್ರ ಅಳಸಬ್ಯಾಡ್ರಿ, ಮೂರು ಕಡೆ ಕಾಪಿ ಇಡ್ರಿ.

ಕಂಪ್ಯೂಟರಿನ ಮಾತು ಆಮ್ಯಾಲ. ಅದನ್ನ ಜೀವ ಮಾಡಬಹುದು, ಹೆದರೋ ಕಾರಣ ಇಲ್ಲ, ಆದ್ರ ಸೀದಾ ಕರೆಂಟ್ ಕೊಡೋದಲ್ಲ. ಇಷ್ಟು ವರ್ಷಕ್ಕ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿರತಾವ, ಅವನ್ನ ಎಲ್ಲಾ ಬದಲಿ ಮಾಡೋದು ಛಲೋ, ರೊಕ್ಕ ಬಾಳ ಇಲ್ಲ. ಒಳಗ ಕೆಳಗಿನ 16ಕೆ ಮೆಮರಿ ಅಂತ ಎಂಟು ಚಿಪ್ ಅದಾವ, 4116 ನಂಬರಿನವು, ಅವಕ್ಕ +5, +12, −5 ಅಂತ ಮೂರು ವೋಲ್ಟೇಜ್ ಬೇಕು, −5 ಬರದ ಉಳಿದೆರಡು ಬಂದ್ರ ಚಿಪ್ ಸುಟ್ಟು ಹೋಗತಾವ. ಹಿಂಗಾಗಿ ಗೊತ್ತಿರೋ ಮನಷ್ಯಾ ಮೊದಲ ಆ ಮೂರು ವೋಲ್ಟೇಜ್ ಅಳೀತಾನ, ಆಮ್ಯಾಲ ಟಿವಿ ಮಾತು. ರಿಪೇರಿಗೆ ಕೊಡುವಾಗ ಇದೊಂದು ಪ್ರಶ್ನೆ ಕೇಳ್ರಿ, ಮೈನಸ್ 5 ಅಳದೀರೇನು ಅಂತ, ಎದುರಿನವರು ಏನದು ಅಂದ್ರ ಮಷೀನ್ ತಗೊಂಡು ಹೊಳ್ಳಿ ಬರ್ರಿ. ಕೀಬೋರ್ಡಿನ ಒಳಗಿನ ಪ್ಲಾಸ್ಟಿಕ್ ಹಾಳಿ ಬಹುತೇಕ ಸೀಳಿರತೈತಿ, ಒಣಗಿದ ಹಪ್ಪಳದಂಗ ಆಗಿರತೈತಿ, ಹೊಸಾದು ಈಗೂ ತಯಾರ ಮಾಡ್ತಾರ, ತರಿಸಬೇಕು. ಆಂಟೆನಾ ಡಬ್ಬಿ ಬಿಟ್ಟು ಸೀದಾ ಎವಿ ಪಿನ್ನಿಗೆ ಚಿತ್ರ ಬರೋ ಹಂಗ ಒಳಗ ಒಂದು ಸಣ್ಣ ಬದಲಾವಣಿ ಮಾಡಿಸ್ಕೋರಿ, ಹೊಸಾ ಟಿವಿಗೂ ಕೂಡ್ತೈತಿ, ಡಬ್ಬಾ ಟಿವಿಗೂ ಕೂಡ್ತೈತಿ. ಯುಎಲ್‌ಎ ಅನ್ನೋ, ಚಿತ್ರ ತಯಾರ ಮಾಡೋ ದೊಡ್ಡ ಚಿಪ್ ಮಾತ್ರ ಹೋಗಿದ್ರ ಖರ್ಚು ಏರತೈತಿ, ಅವಾಗ ನಿಲ್ಲಸ್ರಿ, ಮಷೀನ್ ಕಪಾಟಿನ್ಯಾಗ ಇಡ್ರಿ, ಅದರಾಗ ಸೋಲು ಏನಿಲ್ಲ.

ಡಬ್ಬಾ ಟಿವಿ ಬಗ್ಗೆ ನಾ ಹೇಳೋದು, ಸಿಕ್ರ ತಗೋರಿ. 14 ಇಂಚಿಂದು ಸಿಕ್ರ ಅಗದಿ ಛಲೋ, 21 ಆದ್ರೂ ನಡೀತೈತಿ, ಈಗ ಗುಜರಿಯವರ ಕಡೆ ಹೋಗಾಕತ್ತಾವ, ಇನ್ನ ಕೆಲವು ವರ್ಷಕ್ಕ ಹುಡುಕಿದ್ರೂ ಸಿಗಂಗಿಲ್ಲ, ಹೊಸಾ ಟ್ಯೂಬ್ ಮಾಡವರು ಈಗ ಯಾರೂ ಇಲ್ಲ. ನನಗ ಇದು ಖರೇನ ಸಂಕಟ ಅನಸ್ತೈತಿ, ವಾರಕ್ಕ ಒಂದೆರಡು ಟಿವಿ ಒಡ್ಯಾಕ ಹೋಗೋದು ನೋಡ್ತೀನಿ, ಟ್ಯೂಬ್ ಚಂದ ಇರತೈತಿ. ಆದ್ರ ಒಂದು ಎಚ್ಚರ, ಹಿಂದಿನ ಮುಚ್ಚಳ ಬಿಚ್ಚಬ್ಯಾಡ್ರಿ. ಬಣ್ಣದ ಟ್ಯೂಬಿಗೆ 20-25 ಸಾವಿರ ವೋಲ್ಟ್ ಹೋಗತೈತಿ, ಪ್ಲಗ್ ಕಿತ್ತ ಮ್ಯಾಲೂ ಒಳಗ ಚಾರ್ಜ್ ನಿಂತಿರತೈತಿ, ಧೂಳು ಒರಸ್ತೀನಿ ಅಂತ ಕೈ ಹಾಕಿದವರನ್ನ ನಾ ನೋಡೀನಿ. ವರ್ಷಾನುಗಟ್ಟಲೆ ಬಂದ್ ಇದ್ದ ಟಿವಿ ಆದ್ರ ಮೊದಲ ಸಲ ಮೆಕ್ಯಾನಿಕ್ ಕಡೆ ಸೀರೀಸ್ ಬಲ್ಬ್ ಹಚ್ಚಿ ಚಾಲೂ ಮಾಡಸ್ರಿ, ಒಳಗ ಶಾರ್ಟ್ ಇದ್ರ ಬಲ್ಬ್ ಫುಲ್ ಹತ್ತತೈತಿ, ಟಿವಿ ಉಳೀತೈತಿ. ಸ್ಟೆಬಿಲೈಜರ್ ಇರ್ಲಿ. ರೇಡಿಯೇಷನ್ ಬಗ್ಗೆ ಮನ್ಯಾಗ ಯಾರರ ಹೆದರಿಸಿದ್ರ ಹೇಳ್ರಿ, ಅದಕ್ಕಂತನ ಆ ಗಾಜಿನ್ಯಾಗ ಸೀಸ ಬೆರೆಸಿರತಾರ, ನಾ ದಿನಾ ಅದರ ಮುಂದ ಕುಂದ್ರತೀನಿ.

ಇಷ್ಟೆಲ್ಲಾ ಬ್ಯಾಡ, ಆಡಬೇಕು ಅಷ್ಟ ಅನ್ನೋದಾದ್ರ ಕಡಿಮಿ ಖರ್ಚಿನ ದಾರಿ ಲ್ಯಾಪ್‌ಟಾಪ್ ಮತ್ತ ಫ್ಯೂಸ್ ಅನ್ನೋ ಎಮ್ಯುಲೇಟರ್, ಇಲ್ಲಾ ರೆಟ್ರೊಆರ್ಕ್. ರೆಟ್ರೊಆರ್ಕ್‌ನ್ಯಾಗ ಸಿಆರ್‌ಟಿ ಶೇಡರ್ ಅಂತ ಅದಾವ (ಸಿಆರ್‌ಟಿ ಅಂದ್ರ ಪಿಕ್ಚರ್ ಟ್ಯೂಬ್), ಟ್ಯೂಬಿನ ಸಾಲು, ಬಣ್ಣ ಹರಿಯೋದು, ಅಂಚಿನ ಮಿನುಗು ಎಲ್ಲಾ ಲೆಕ್ಕ ಹಾಕಿ ತೋರಸ್ತಾವ, ಪರದೆ ಛಲೋ ಇದ್ದಷ್ಟು ಚಿತ್ರ ಖರೆ ಕಾಣತೈತಿ. ಮಾನಿಟರ್ 50 ಹರ್ಟ್ಸಿಗೆ ಇಳೀತೈತೇನು ನೋಡ್ರಿ, ಬಾಳ ಮಾನಿಟರ್ ಇಳೀತಾವ, ಜರ್ಕ್ ಅಲ್ಲಿಗೇ ಹೋತು. ದೊಡ್ಡ ಟಿವಿಗೆ ಹಚ್ಚಿದ್ರ ಗೇಮ್ ಮೋಡ್ ಹಾಕ್ರಿ, ಇಲ್ಲಾಂದ್ರ ಕೀಲಿ ಒತ್ತಿದ ಮ್ಯಾಲ ಮನಷ್ಯಾ ತಡಾ ಮಾಡಿ ಹಾರ್ತಾನ, ಆ ಆಟದಾಗ ಅಷ್ಟು ತಡಾ ಅಂದ್ರ ಜೀವ ಹೋತು ಅಂತನ. 2024ರ ನವೆಂಬರ್‌ನ್ಯಾಗ ರೆಟ್ರೊ ಗೇಮ್ಸ್ ಅನ್ನೋ ಕಂಪನಿ ಹಳೇದರಂಗ ಕಾಣೋ ಹೊಸಾ ಸ್ಪೆಕ್ಟ್ರಮ್ ತಗದೈತಿ, ರಬ್ಬರ್ ಕೀಲಿ, ಎಚ್‌ಡಿಎಂಐ, ಒಳಗ 48 ಆಟ, ಆದ್ರ ಅದೂ ಒಳಗ ಎಮ್ಯುಲೇಟರ್‌ನ, ಹೊರಗಿಂದ ತರಿಸಬೇಕು, ಕಸ್ಟಮ್ಸ್ ಸೇರಿ ತುಟ್ಟಿ ಬೀಳತೈತಿ. ರಬ್ಬರ್ ಕೀಲಿ ನಿಮ್ಮ ಪ್ಲಸ್‌ನ ಗಟ್ಟಿ ಕೀಲಿಯಂಗ ಇರಂಗಿಲ್ಲ ಅನ್ನೋದೂ ನೆನಪಿರ್ಲಿ. ಎಮ್ಯುಲೇಟರ್ ಹಾಕೋದು ಕಾನೂನಿಗೆ ಬರತೈತೇನು ಅಂತ ಬಾಳ ಮಂದಿ ಕೇಳ್ತಾರ, ಸ್ಪೆಕ್ಟ್ರಮ್ ಹಕ್ಕು ಇದ್ದ ಆಮ್‌ಸ್ಟ್ರಾಡ್ ಕಂಪನಿ ಅದರ ರೋಮ್ ಫೈಲನ್ನ (ಕಂಪ್ಯೂಟರಿನ ಒಳಗ ಕಾಯಂ ಇರೋ ಮೂಲ ಪ್ರೋಗ್ರಾಮ್) ಎಮ್ಯುಲೇಟರ್ ಜೊತಿ ಹಂಚಾಕ 1999ರಾಗನ ಒಪ್ಪಿಗಿ ಕೊಟ್ಟೈತಿ, ಆದ್ರ ಒಂದೊಂದು ಆಟದ ಹಕ್ಕು ಅದನ್ನ ಮಾಡಿದವರದ್ದು.

ನನ್ನ ಕೇಳಿದ್ರ ಈ ವಾರ ಟೇಪ್, ದೀಪಾವಳಿ ತನಕ ಲ್ಯಾಪ್‌ಟಾಪ್ ಮತ್ತ ಕೀಬೋರ್ಡ್, ಟಿವಿ ಯಾವಾಗ ಸಿಗತೈತೋ ಅವಾಗ, ಕಂಪ್ಯೂಟರ್ ರಿಪೇರಿ ಅದರ ಹಿಂದ. ಮಗಾಗ ಮ್ಯಾನಿಕ್ ಮೈನರ್ ಚಂದ ಐತಿ ಅಂತ ಒಪ್ಪಸಾಕ ಹೋಗೋದು ಬ್ಯಾಡ, ಅಂವಗ ಅದು ಅನಸಬೇಕಂತ ಏನಿಲ್ಲ. ಅವನ ಕೈಗೆ ಆ ಗ್ರಾಫ್ ವಹಿ ಕೊಡ್ರಿ.

ಯಾಕಂದ್ರ ನೀವು ಬರದ ಆ ಎಂಟು ನಂಬರ್ ಏನಂತ ನೋಡಿದ ಕೂಡಲೇ ನನಗ ತಿಳೀತು. ಸ್ಪೆಕ್ಟ್ರಮ್‌ನ್ಯಾಗ 21 ಅಕ್ಷರ ನಮ್ಮ ಮನಸಿಗೆ ಬಂದಂಗ ಬರಕೊಳಾಕ ಬಿಟ್ಟಿದ್ರು, ಒಂದೊಂದು ಅಕ್ಷರಕ್ಕ 8 ಸಾಲು, ಸಾಲಿಗೆ 8 ಮನಿ. ಎಡಗಡೆಯಿಂದ ಮನಿಗಳ ಬೆಲಿ 128, 64, 32, 16, 8, 4, 2, 1. ಯಾವ ಮನಿ ತುಂಬಬೇಕೋ ಅದರ ಬೆಲಿ ಕೂಡಿಸಿದ್ರ ಆ ಸಾಲಿನ ನಂಬರ್ ಬರತೈತಿ. ನಿಮ್ಮ ಅಣ್ಣ ಗ್ರಾಫ್ ಹಾಳಿ ಮ್ಯಾಲ ಮೊದಲ ಪೆನ್ಸಿಲಿನಿಂದ ಮನಿ ತುಂಬಿ, ಆಮ್ಯಾಲ ಸಾಲು ಸಾಲು ಕೂಡಿಸಿ ಬರದಾನ, ಟೇಪು ಉದರಿ ಹೋದ್ರೂ ಲಾರಿ ಈ ಹಾಳಿ ಮ್ಯಾಲ ಐತಿ.

ನೀವೂ ಮಗಾನೂ ಒಂದು ಚೌಕದ ಹಾಳಿ ತಗೊಂಡು ಹಾಕ್ರಿ. ಮೊದಲ ಸಾಲು 0, ಖಾಲಿ. ಎರಡನೇದು 240, ಅಂದ್ರ 128, 64, 32, 16, ಎಡಗಡೆ ನಾಕ ಮನಿ ತುಂಬ್ರಿ, ಅದು ಮಾಲ್ ಹಾಕೋ ಡಬ್ಬಿಯ ಮ್ಯಾಲಿನ ಅಂಚು. ಮೂರನೇದು 252, ಆರು ಮನಿ, ಡಬ್ಬಿ ಜೊತಿ ಕ್ಯಾಬಿನ್ನಿನ ಮಾಳಗಿ ಬಂತು. ಐದನೇದು ಆರನೇದು 255, ಎಂಟೂ ತುಂಬ, ಬಾನೆಟ್ ಮತ್ತ ಚಾಸಿ. ಏಳನೇದು 102, ಮೊದಲನೇ ಮನಿ ಖಾಲಿ ಬಿಟ್ಟು ಎರಡು ಮನಿ, ನಡುವ ಎರಡು ಖಾಲಿ, ಮತ್ತ ಎರಡು ಮನಿ, ಅವು ಗಾಲಿ. ನಾಕನೇ ಸಾಲು ನಾ ಬೇಕಂತನ ಬಿಟ್ಟೆ, ಅದು 250. ಐದು ಮನಿ ತುಂಬಿ, ಆರನೇದು ಖಾಲಿ ಬಿಟ್ಟು, ಏಳನೇದು ತುಂಬ್ಯಾನ. ಆ ಖಾಲಿ ಬಿಟ್ಟ ಮನಿ ಡ್ರೈವರನ ಕಿಡಕಿ.